ಅಕ್ಕ ವಾಪಸ್ ಬರುತ್ತಾಳೆ ಎಂಬುದಕ್ಕೆ ಪುರಾವೆ

ದಡಾರ ಒಂದು ಸಲ ಬಂದು ಹೋದರೆ ಮತ್ತೆ ಬರುವುದಿಲ್ಲ ಅನ್ನುತ್ತಾರೆ. ವೀಸಾ ಇಲ್ಲ ಅನ್ನುವ ಕಾಗದ ಹಾಗಲ್ಲ, ಒಮ್ಮೆ ಮನೆ ಹೊಕ್ಕರೆ ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ. ನಮ್ಮ ಮನೆತನಕ್ಕೆ ಬಂದ ಅಂಥ ಪ್ರತಿಯೊಂದು ಕಾಗದದ ಹಿಂದೆಯೂ ನನ್ನ ಕೈವಾಡವಿದೆ, ಏಕೆಂದರೆ ಅರ್ಜಿ ತುಂಬಿದವನು ನಾನು.

ಗೋಕಾಕದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಅಂಗಡಿ ಇದೆ. ಝೆರಾಕ್ಸ್, ಫೋಟೋ, ಪಹಣಿ, ಜಾತಿ-ಆದಾಯದ ಪ್ರಮಾಣಪತ್ರ, ಹೀಗೆ ಸರ್ಕಾರ ಜನರಿಂದ ಏನೇನು ಕೇಳುತ್ತದೋ ಅದನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿ ಕೊಡುತ್ತೇನೆ. ನನ್ನ ಅಕ್ಕ ಮೂಡಲಗಿಯಲ್ಲಿದ್ದಾಳೆ. ಅವಳಿಗೆ ಒಬ್ಬಳೇ ಮಗಳು, ಹುಕ್ಕೇರಿಗೆ ಕೊಟ್ಟದ್ದು. ಈಗ ಆ ಹುಡುಗಿ ಪರದೇಶದಲ್ಲಿ ನರ್ಸ್, ಅಳಿಯ ಅದೇ ಊರಲ್ಲಿ ಬಸ್ ಓಡಿಸುತ್ತಾನೆ. ಯಾವ ದೇಶ ಅಂತ ಹೇಳುವುದಿಲ್ಲ. ನಾಳೆ ನನಗೂ ನನ್ನ ಹೆಂಡತಿಗೂ ಅಲ್ಲಿಗೆ ಹೋಗಬೇಕು ಅನ್ನಿಸಬಹುದು, ಇರುವ ಸಂಬಂಧ ಯಾಕೆ ಕೆಡಿಸಿಕೊಳ್ಳಲಿ.

ಹುಡುಗಿ ಬಸುರಾದಳು. ವಿಮಾನ ಹತ್ತಬೇಡ ಅಂತ ಅಲ್ಲಿಯ ಡಾಕ್ಟರು ಹೇಳಿದರು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನವರದು. ಮಗಳು ತವರಿಗೆ ಬರಲಾರಳು ಅಂದಮೇಲೆ ತವರೇ ಮಗಳ ಹತ್ತಿರ ಹೋಗಬೇಕು. ಹೋಗದಿದ್ದರೆ "ಹಡೆದವ್ವ ಬಾಣಂತನಕ್ಕ ಬರ್ಲಿಲ್ಲ" ಎಂಬ ಮಾತು ಆ ಕೂಸಿನ ಮದುವೆಯ ತನಕ ಹುಕ್ಕೇರಿಯಲ್ಲಿ ಓಡಾಡುತ್ತದೆ. ಅಕ್ಕನಿಗೆ ಹೆದರಿಕೆ ಇದ್ದದ್ದು ಇದೊಂದಕ್ಕೇ. ವಿಮಾನ, ಚಳಿ, ಇಂಗ್ಲಿಷು, ಇವು ಯಾವುದಕ್ಕೂ ಆಕೆ ಹೆದರಿದವಳಲ್ಲ.

೧. ನಗುನಗುತ್ತಾ ಕೊಟ್ಟ ಕಾಗದ

ಮೊದಲ ಸಲ ಅಕ್ಕನೂ ಮಾವನೂ ಸಂದರ್ಶನಕ್ಕೆ ಮುಂಬೈಗೆ ಹೋದರು. ಮಾವ ಎಂದರೆ ಅಕ್ಕನ ಗಂಡ. ಗಾಜಿನ ಆಚೆ ಕೂತ ಸಾಹೇಬ ನಾಲ್ಕು ಪ್ರಶ್ನೆ ಕೇಳಿ, ನಕ್ಕು, ಥ್ಯಾಂಕ್ಯೂ ಅಂತ ಹೇಳಿ, ಇಬ್ಬರ ಕೈಗೂ ಒಂದೊಂದು ಕಾಗದ ಕೊಟ್ಟ.

ನಮ್ಮ ತಾಲೂಕು ಕಚೇರಿಗಳಲ್ಲಿ 'ಆಗೂದಿಲ್ಲ' ಅನ್ನುವವರು ನಗುವುದಿಲ್ಲ. 'ಆಗ್ತೈತಿ' ಅನ್ನುವವರೂ ನಗುವುದಿಲ್ಲ. ಆದ್ದರಿಂದ ನಕ್ಕು ಕಾಗದ ಕೊಟ್ಟ ಅಂದರೆ ಅದು ವೀಸಾನೇ ಎಂದು ಅಕ್ಕ ತೀರ್ಮಾನಿಸಿದಳು. ಬರುವ ದಾರಿಯಲ್ಲಿ ಗೋಕಾಕದಲ್ಲಿ ಇಳಿದು ಕರದಂಟು ಕೊಂಡಳು, ನನ್ನ ಅಂಗಡಿಗೂ ಬರದೆ ನೇರ ಮೂಡಲಗಿಗೆ ಹೋಗಿ ಓಣಿ ತುಂಬ ಹಂಚಿದಳು. ಹುಕ್ಕೇರಿಯ ಬೀಗತಿಗೆ, ಅಂದರೆ ಅಳಿಯನ ತಾಯಿಗೆ, ಫೋನು ಮಾಡಿ ಹೇಳಿದಳು. ಕಾಗದವನ್ನು ದೇವರ ಜಗುಲಿಯ ಮೇಲಿಟ್ಟು ಅರಿಶಿನ-ಕುಂಕುಮ ಹಚ್ಚಿದಳು. ನಾಲ್ಕು ದಿನ ಆದಮೇಲೆ ಟಿಕೆಟ್ ತೆಗೆಸಬೇಕು ಅಂತ ನನ್ನ ಹತ್ತಿರ ತಂದಳು.

ಕುಂಕುಮದ ನಡುವೆ ನಾನು ಓದಿದೆ. ತಾವು ಭೇಟಿ ಮುಗಿದ ಮೇಲೆ ತಮ್ಮ ದೇಶಕ್ಕೆ ಮರಳುತ್ತೀರಿ ಎಂಬುದು ನಮಗೆ ಮನದಟ್ಟಾಗಿಲ್ಲ, ಆದ ಕಾರಣ ವೀಸಾ ನಿರಾಕರಿಸಲಾಗಿದೆ, ಅಂತ ಇತ್ತು.

"ಅಂದ್ರ?" ಅಂದಳು ಅಕ್ಕ.

"ಅಂದ್ರ ನೀ ಮಗಳ ಮನ್ಯಾಗ ಹೋಗಿ ಕುಂತ್ರ ತಿರುಗಿ ಬರೂದಿಲ್ಲ ಅಂತಾರ."

ಹೆಣ್ಣು ಕೊಟ್ಟ ಮನೆಯಲ್ಲಿ ಎರಡು ಹೊತ್ತು ಉಂಡರೆ ಮೂರನೇ ಹೊತ್ತಿಗೆ ಗಂಟಲಲ್ಲಿ ಇಳಿಯದ ಹೆಂಗಸು ಆಕೆ. ಹುಕ್ಕೇರಿಗೆ ಮುಂಜಾನೆ ಹೋದರೆ ಸಂಜೆ ಬಸ್ಸಿಗೆ ಮೂಡಲಗಿ. ಸ್ವಂತ ತಮ್ಮನಾದ ನನ್ನ ಮನೆಯಲ್ಲೂ, ಎಮ್ಮೆ ಹೊರಗಿನವರಿಗೆ ಹಾಲು ಕೊಡುವುದಿಲ್ಲ ಅಂತ, ಮೂವತ್ತು ವರ್ಷದಲ್ಲಿ ಎರಡು ರಾತ್ರಿ ಸತತವಾಗಿ ಉಳಿದವಳಲ್ಲ. ಅಂಥವಳಿಗೆ ಈ ಮಾತು. ಮುಖ ಕೆಂಪಾಯಿತು. ಹೊರಗೆ ಪಹಣಿಗಾಗಿ ನಿಂತ ನಾಲ್ಕು ಜನರಿಗೂ ಕೇಳುವ ಹಾಗೆ ಅಂದಳು:

"ನಾ ಮಗಳ ಮನ್ಯಾಗ ಠಾಣೆ ಹೂಡಾಕೀನ? ಅಷ್ಟ ದೂರ ಕುಂತ ಆ ಮನಶಾಗ ನನ್ನ ಬಗ್ಗೆ ಏನ ಗೊತ್ತ? ಖರೆ ಹೇಳ ತಮ್ಮಾ, ಬೀಗತಿ ಏನರ ಅವಂಗ ಫೋನ್ ಮಾಡಿದ್ಲೇನ?"

೨. ದುಡಿಯಾಕಿ ಮತ್ತು ದುಡಿಯಲಾರದಾಂವ

ಎರಡನೇ ಸಲ ನಾನು ಬುದ್ಧಿ ಹೇಳಿ ಕಳಿಸಿದೆ. ಹೋದ ಸಲ ಮಾತು ಕಡಿಮೆ ಆಯಿತು, ಈ ಸಲ ಸ್ವಲ್ಪ ಬಿಡಿಸಿ ಹೇಳು ಅಂದೆ. ನನ್ನ ಜೀವನದಲ್ಲಿ ನಾನು ಕೊಟ್ಟ ಅತಿ ಕೆಟ್ಟ ಸಲಹೆ ಅದು. ಇದಕ್ಕೂ ಕೆಟ್ಟ ಸಲಹೆಗಳನ್ನು ಕೊಟ್ಟಿದ್ದೇನೆ, ಆದರೆ ಅವನ್ನು ಯಾರೂ ಪಾಲಿಸಲಿಲ್ಲ.

ಅಲ್ಲಿ ಸೊಲ್ಲಾಪುರ ಕಡೆಯ ಒಬ್ಬ ಬಾಯಿ, ಅಂದರೆ ಹೆಂಗಸು, ದುಭಾಷಿಯಾಗಿದ್ದಳಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ಸಾಹೇಬ ಕೇಳಿದ: ಅಲ್ಲಿಗೆ ಹೋಗಿ ಏನು ಮಾಡುತ್ತೀರಿ?

ಇದಕ್ಕೆ ಅಕ್ಕನ ಹತ್ತಿರ ಉತ್ತರ ಸಿದ್ಧವಿತ್ತು. ಮಗಳ ಮನೆಗೆ ಸುಮ್ಮನೆ ಕೂತು ಉಣ್ಣಲು ಬರುವವಳು ನಾನಲ್ಲ ಎಂದು ಜಗತ್ತಿಗೆ ಸಾರುವ ಅವಕಾಶಕ್ಕೆ ಅವಳು ಕಾದೇ ಇದ್ದಳು. "ನಾ ಏನ ಮಜಾ ಮಾಡಾಕ ಹೊಂಟಿಲ್ರಿ ಸಾಹೇಬ್ರ. ಭಾಳ ಕೆಲಸ ಐತಿ. ಮುಂಜಾನೆ ಎದ್ದ ಕೂಸಿಗೆ ಎಣ್ಣಿ ಹಚ್ಚಿ ಎರೀಬೇಕು, ಬಾಣಂತಿಗೆ ನೀರ ಹಾಕಬೇಕು, ಅಡಗಿ, ಅರಬಿ ಒಗ್ಯೂದು, ಕಸಾ, ಭಾಂಡೆ ತಿಕ್ಕೂದು ಎಲ್ಲಾ ನನ್ನ ಮ್ಯಾಲೆ. ಒಂದ ತಾಸ ಕುಂಡ್ರೂದಿಲ್ರಿ ನಾ."

ಸಾಹೇಬ ಎಲ್ಲವನ್ನೂ ಬರೆದುಕೊಂಡ. ಆಮೇಲೆ ಮಾವನ ಕಡೆ ತಿರುಗಿ ಅದನ್ನೇ ಕೇಳಿದ. ಮಾವ ಬಹಳ ಸತ್ಯವಂತರು. "ನಾ ಏನೂ ಮಾಡೂದಿಲ್ರಿ" ಅಂದರು. ಏನೂ ಅಂದರೆ? "ಏನೂ ಅಂದ್ರ ಏನೂ ಇಲ್ರಿ. ಮನ್ಯಾಗೂ ಮಾಡೂದಿಲ್ಲ. ಬೇಕಾದ್ರ ಇಕೀನ್ನ ಕೇಳ್ರಿ." ಅಕ್ಕ ಪಕ್ಕದಿಂದಲೇ ಸಾಕ್ಷಿ ಹೇಳಿದಳು: "ಖರೆ ಐತ್ರಿ. ಒಂದ ಕಪ್ಪ ಚಾ ಮಾಡಿಲ್ಲ ಇವರು ಹುಟ್ಟಿದ ಮ್ಯಾಲೆ."

ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಅದು ಆ ದೇಶದ ಕಾನೂನು. ಅಕ್ಕ ಕೆಲಸ ಮಾಡುವ ಉದ್ದೇಶವನ್ನು ತಾನಾಗಿ ಒಪ್ಪಿಕೊಂಡಿದ್ದಾಳೆ, ಆದ್ದರಿಂದ ನಿರಾಕರಣೆ. ಮಾವ ಯಾವ ಕೆಲಸವನ್ನೂ ಮಾಡುವುದಿಲ್ಲ ಎಂಬುದು ಸಾಕ್ಷಿಸಮೇತ ರುಜುವಾತಾಗಿದೆ, ಆದ್ದರಿಂದ ಮಂಜೂರು.

ಹೀಗಾಗಿ ನಮ್ಮ ಮನೆತನದಲ್ಲಿ ಬಾಣಂತನ ಮಾಡಲು ಸರ್ಕಾರದ ಅಧಿಕೃತ ಪರವಾನಗಿ ಇರುವ ಏಕೈಕ ವ್ಯಕ್ತಿ ನಮ್ಮ ಮಾವ. ಅವರು ಪಾಸ್‌ಪೋರ್ಟನ್ನು ಮೂಡಲಗಿಯ ಚಾದಂಗಡಿಯಲ್ಲಿ ಎಲ್ಲರಿಗೂ ತೋರಿಸಿದರು. ಇಷ್ಟು ವರ್ಷ ಏನೂ ಮಾಡದೆ ಕೂತದ್ದಕ್ಕೆ ಕಡೆಗೂ ಬೆಲೆ ಕೊಟ್ಟವರು ಸಿಕ್ಕರು ಅಂತ ಹೇಳಿದರು.

೩. ಕುಂಬಳಕಾಯಿಗೆ ಎರೆಯೋದು

ಹೆರಿಗೆಗೆ ಎರಡೂವರೆ ತಿಂಗಳಿತ್ತು. ಮೂರನೇ ಅರ್ಜಿ ಹಾಕೋಣ ಅಂತಾಯಿತು. ಅದೂ ಬಿದ್ದುಹೋದರೆ ಮಾವನೇ ಗತಿ. ಹುಕ್ಕೇರಿಯಿಂದ ಬೀಗತಿ ಫೋನು ಮಾಡಿ, "ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕಾರ, ಬೀಗರು ಹೊಂಟಾರಲ್ಲ, ಅವರು ಎಲ್ಲಾ ಛಲೋ ಮಾಡ್ತಾರ" ಅಂದಳಂತೆ. ಆ ಮಾತಿನಲ್ಲಿದ್ದ ಸಕ್ಕರೆ ಅಕ್ಕನಿಗೆ ಉರಿ ಹಚ್ಚಿತು. ಅವತ್ತಿನಿಂದಲೇ ಮಾವನಿಗೆ ತರಬೇತಿ ಸುರುವಾಯಿತು.

ನಾನು ಕಾಗದಕ್ಕೆ ಸಹಿ ತೆಗೆದುಕೊಳ್ಳಲು ಮೂಡಲಗಿಗೆ ಹೋದಾಗ ಮಾವ ಬಚ್ಚಲಲ್ಲಿ ಗೋಡೆಗೆ ಆತು, ಧೋತರ ಮೇಲೆ ಸರಿಸಿ, ಕಾಲು ನೀಡಿ ಕೂತಿದ್ದರು. ಕಾಲ ಮೇಲೆ ಮಧ್ಯಮ ಗಾತ್ರದ ಒಂದು ಕುಂಬಳಕಾಯಿ. ಅದಕ್ಕೆ ಎಣ್ಣೆ ಹಚ್ಚಲಾಗಿತ್ತು. ಅಕ್ಕ ಚಂಬು ಹಿಡಿದು ಪಕ್ಕದಲ್ಲಿ ನಿಂತು ಆಜ್ಞೆ ಕೊಡುತ್ತಿದ್ದಳು.

"ಕುತಗಿ ಹಿಡೀರಿ. ಕುತಗಿ!"

"ಇದಕ್ಕ ಕುತಗಿ ಎಲ್ಲೈತಿ ಮಾರಾಯ್ತಿ?"

"ತಿಳ್ಕೋರಿ. ಐತಿ ಅಂತ ತಿಳ್ಕೋರಿ."

ಮಾವ ಇಲ್ಲದ ಕುತ್ತಿಗೆ ಹುಡುಕುತ್ತಾ ಕಾಯಿಯನ್ನು ಬೋರಲು ಹಾಕಿದರು. ಎಣ್ಣೆ, ನೀರು, ಎರಡೂ ಸೇರಿ ಅದು ಕಾಲ ಮೇಲಿಂದ ಜಾರಿ, ಬಚ್ಚಲ ಕಲ್ಲಿಗೆ ಬಡಿದು ಎರಡು ಹೋಳಾಯಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ನಗುವೋ ಅಳುವೋ ನನಗೆ ತಕ್ಷಣ ತಿಳಿಯಲಿಲ್ಲ. ಮಗಳ ಮೊದಲ ಕೂಸಿಗೆ ತನ್ನ ಕೈಯಿಂದ ಒಂದು ಚಂಬು ನೀರು ಹಾಕುವ ಯೋಗ ಇಲ್ಲವೇನೋ ಅನ್ನುವ ಸಂಕಟ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಮಧ್ಯಾಹ್ನ ಊಟಕ್ಕೆ ರೊಟ್ಟಿ, ಕುಂಬಳಕಾಯಿ ಪಲ್ಯ. ಮಾವ ತಾಟು ನೋಡಿದರು, ಪಲ್ಯವನ್ನು ಬದಿಗೆ ಸರಿಸಿ ಬರೀ ಚಟ್ನಿ ಹಚ್ಚಿಕೊಂಡು ಉಂಡರು.

"ಯಾಕ್ರಿ ಮಾವಾರ, ರುಚಿ ಇಲ್ಲೇನ್ರಿ?" ಅಂದೆ.

"ರುಚಿ ಐತಪಾ," ಅಂದರು ಮೆಲ್ಲಗೆ, "ಆದ್ರ ಮುಂಜಾನಿಂದ ತೊಡಿ ಮ್ಯಾಲೆ ಆಡಿಸಿದ ಕೂಸು. ಹೆಂಗ ತಿನ್ಲಿ?"

೪. ಯಮಕನಮರಡಿಯ ಪರಿಣತರು

ಈ ನಡುವೆ ಯಮಕನಮರಡಿಯಲ್ಲಿ ಒಬ್ಬ ಪರಿಣತರಿದ್ದಾರೆ ಎಂಬ ಸುದ್ದಿ ಬಂತು. ಹೆದ್ದಾರಿಯ ಬಾಜೂ ಟೈರಿನ ಅಂಗಡಿ ಇಟ್ಟವರು. ವೀಸಾ ವಿಷಯದಲ್ಲಿ ಸುತ್ತಲಿನ ಹತ್ತು ಹಳ್ಳಿಯವರು ಅವರನ್ನೇ ಕೇಳುತ್ತಾರಂತೆ. ಹೋದೆ. ಎಷ್ಟು ಸಲ ಹೋಗಿಬಂದಿದ್ದೀರಿ ಅಂತ ಕೇಳಿದೆ.

"ಹೋಗಿಲ್ಲ. ನಾಕ ಸಲ ರಿಜೆಕ್ಟ್ ಆಗೇನಿ," ಅಂದರು ಎದೆಯುಬ್ಬಿಸಿ. "ಒಂದ ಸಲಕ್ಕ ಸಿಕ್ಕಾಂವಗ ಏನ ಗೊತ್ತಿರ್ತೈತ್ರಿ? ಅವರು ಏನೇನ ಕೇಳ್ತಾರ, ಹೆಂಗೆಂಗ ಒಲ್ಲೆ ಅಂತಾರ, ಎಲ್ಲಾ ನನಗ ಬಾಯಿಪಾಠ."

ಇಂಥ ಅನುಭವಕ್ಕೆ ನಾನು ತಲೆಬಾಗಿದೆ. ಅವರ ಪ್ರಕಾರ ವಾಪಸ್ ಬರುತ್ತೇವೆ ಅಂದರೆ ಸಾಲದು, ಊರಲ್ಲಿ ನಮ್ಮನ್ನು ಹಿಡಿದಿಡುವ ವಸ್ತುಗಳ ಪುರಾವೆ ಕೊಡಬೇಕು. ಹೊಲದ ಉತಾರ, ಮನೆಯ ಉತಾರ, ಹೀಗೆ ಹಕ್ಕಿನ ದಾಖಲೆಗಳನ್ನೆಲ್ಲ ಎಲ್ಲರೂ ಕೊಡುತ್ತಾರೆ. ಎಮ್ಮೆ ಗಬ್ಬ ಇದೆ ಎಂದು ದನದ ಡಾಕ್ಟರರಿಂದ ಪ್ರಮಾಣಪತ್ರ ತೆಗೆಸಿರಿ. ಅರಭಾವಿಯಿಂದ ಚಿಕ್ಕು, ಮಾವಿನ ಸಸಿ ತಂದು ಹಿತ್ತಲಲ್ಲಿ ನೆಟ್ಟು, ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ಹೊಡೆಯಿರಿ. "ಗಿಡಾ ಹಚ್ಚಿದಾಕಿ ಹಣ್ಣ ತಿನ್ನಾಕ ಬಂದ ಬರ್ತಾಳ. ಇದಕ್ಕ ಯಾವ ಸಾಹೇಬನೂ ಇಲ್ಲ ಅನ್ನಾಂಗಿಲ್ಲ."

ಎಲ್ಲವನ್ನೂ ಮಾಡಿದೆವು. ಕಡತ ಎಷ್ಟು ದಪ್ಪವಾಯಿತೆಂದರೆ ಅದನ್ನು ಒಯ್ಯಲು ಅಕ್ಕ ಸಂತೆಯ ಚೀಲ ತೆಗೆಯಬೇಕಾಯಿತು. ಅವತ್ತು ಟೈರಿನ ಅಂಗಡಿಯಿಂದ ಹೊರಡುವಾಗ ಪರಿಣತರನ್ನು ಕೇಳಿದ್ದೆ, "ಇಷ್ಟೆಲ್ಲಾ ಗೊತ್ತಿದ್ದೂ ನಿಮಗ್ಯಾಕ ನಾಕ ಸಲಾನೂ ಸಿಗಲಿಲ್ರಿ?"

"ನಮ್ಮ ಗಿಡಾ ಒಣಗಿದ್ವು," ಅಂದರು.

೫. ಕುಂತ ಉಣ್ಣಾಕ

ಪುರಾವೆ ಸಿದ್ಧವಾಯಿತು, ಇನ್ನು ಮಾತಿನ ತಯಾರಿ. ನನ್ನ ಅಂಗಡಿಯಲ್ಲೇ ಸಂದರ್ಶನ ನಡೆಸಿದೆ. ನಾನು ಸಾಹೇಬ. ಅರ್ಜಿ ತುಂಬಿಸಲು ಬಂದು ಕಾಯುತ್ತಿದ್ದವರು ತಾವಾಗಿ ಉಪಸಾಹೇಬರಾದರು.

"ಅಲ್ಲಿ ಹೋಗಿ ಏನ ಮಾಡ್ತೀರಿ?"

ನಾನು ಹೇಳಿಕೊಟ್ಟಿದ್ದ ಉತ್ತರ ಇಷ್ಟೇ: ಏನೂ ಕೆಲಸ ಮಾಡುವುದಿಲ್ಲ, ಮಗಳನ್ನೂ ಮೊಮ್ಮಗುವನ್ನೂ ನೋಡುತ್ತೇನೆ, ಅವರು ಕೊಟ್ಟದ್ದು ಉಂಡು ಆರಾಮ ಇರುತ್ತೇನೆ.

"ಹೇಳ ಅಕ್ಕಾ."

"ನನಗ ಬಾಯಿ ಬರವಲ್ದೋ ತಮ್ಮಾ. ಮಗಳ ಮನ್ಯಾಗ ಕುಂತ ಉಣ್ಣಾಕ ಹೊಂಟೇನಿ ಅಂತ ನಾಕ ಮಂದ್ಯಾಗ ಹೆಂಗ ಹೇಳ್ಲಿ?"

"ಅಲ್ಲಿ ಯಾರಿಗೂ ನಿನ್ನ ಗುರ್ತಿಲ್ಲ."

"ಆ ಸೊಲ್ಲಾಪುರದ ಬಾಯಿಗೆ ಕನ್ನಡ ತಿಳೀತೈತಿ."

ಪಡಿತರ ಚೀಟಿಗೆ ಬಂದಿದ್ದ ಒಬ್ಬ ಅಜ್ಜ ಕೋಲು ನೆಲಕ್ಕೆ ಕುಟ್ಟಿ, "ಹೇಳವಾ, ಕೂಸಿನ ಸಲುವಾಗಿ ಒಂದ ಸುಳ್ಳ ಹೇಳಿದ್ರ ಪಾಪ ಇಲ್ಲ" ಅಂದ. ಅಕ್ಕ ಕಣ್ಣು ಮುಚ್ಚಿ, ಕಹಿ ಔಷಧ ಕುಡಿದವರ ಹಾಗೆ ಅಂದಳು: "ನಾ ಏನೂ ಮಾಡಾಕಿ ಅಲ್ರಿ. ಕುಂತ ಉಣ್ಣಾಕಿ."

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಅಕ್ಕ ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು. "ಹುಕ್ಕೇರಿಯವರು ಯಾರೂ ಇಲ್ಲಲ್ಲ ಇಲ್ಲಿ?"

೬. ಸಂತೆಚೀಲ ಬಿಚ್ಚಲೇ ಇಲ್ಲ

ಮೂರನೇ ಸಲ ಮುಂಬೈಗೆ ನಾನೂ ಹೋದೆ. ನನ್ನನ್ನು ಹೊರಗೇ ನಿಲ್ಲಿಸಿದರು. ಒಳಗೆ ನಡೆದದ್ದನ್ನು ಅಕ್ಕ ಬರುವಾಗ ರೈಲಿನಲ್ಲಿ ಘಟಪ್ರಭಾ ಮುಟ್ಟುವ ತನಕ ಹನ್ನೆರಡು ಸಲ ಹೇಳಿದಳು, ಆದ್ದರಿಂದ ನಾನು ಕಣ್ಣಾರೆ ಕಂಡಂತೆಯೇ.

ಈ ಸಲ ಗಾಜಿನ ಆಚೆ ಇದ್ದವಳು ಒಬ್ಬ ಮೇಡಂ. ಏನು ಮಾಡುತ್ತೀರಿ ಅಂತ ಕೇಳಿದಳು. ಅಕ್ಕ ನೆಲ ನೋಡುತ್ತಾ, ಕುಂತ ಉಣ್ಣಾಕಿ ಅಂತ ಹೇಳಿದಳು. ಆಮೇಲೆ ಬಂತು ಆ ಪ್ರಶ್ನೆ: ನೀವು ವಾಪಸ್ ಬರುತ್ತೀರಿ ಅನ್ನುವುದಕ್ಕೆ ಏನು ಪುರಾವೆ?

ಅಕ್ಕ ಸಂತೆಚೀಲಕ್ಕೆ ಕೈ ಹಾಕಿದಳು. ಬೇಡ, ಬಾಯಲ್ಲೇ ಹೇಳಿ ಅಂದಳು ಮೇಡಂ. ಎಮ್ಮೆ, ಉತಾರ, ಚಿಕ್ಕು ಗಿಡ ಎಲ್ಲವೂ ಚೀಲದಲ್ಲೇ ಉಳಿದವು. ಬಾಯಿಪಾಠ ಮಾಡಿದ್ದೂ ಮರೆತುಹೋಯಿತು. ಅಕ್ಕನಿಗೆ ಸಿಟ್ಟು ಬಂತು.

"ಪುರಾವೆ ಏನ ಕೇಳ್ತೀರಿ ಬಾಯಾರ? ನಾ ಹೆಣ್ಣಿನ ತಾಯಿ. ಮೂರ ತಿಂಗಳಿಗೆ ಬೀಗತಿ ಬರಾಕಿ ಅದಾಳ. ಆಕಿ ಹೊಸ್ತಿಲಾ ತುಳದ ಮ್ಯಾಲೆ ನಾ ಆ ಮನ್ಯಾಗ ಒಂದ ದಿನಾ ಇದ್ರ ಕೇಳ್ರಿ. ನೀವು ಇರ ಅಂದ್ರೂ ನಾ ಇರೂದಿಲ್ಲ."

ಸೊಲ್ಲಾಪುರದ ಬಾಯಿ ನಗು ತಡೆದುಕೊಂಡು ಇದನ್ನೆಲ್ಲ ಇಂಗ್ಲಿಷಿಗೆ ಹಾಕಿದಳು. ಮೇಡಂನ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಬೀಗತಿ ಬರುವುದು ಖಚಿತವೇ ಅಂತ ಒಂದೇ ಪ್ರಶ್ನೆ ಕೇಳಿದಳು. ಅಕ್ಕ "ಬಸವಣ್ಣನ ಆಣಿ" ಅಂದಳು. ವೀಸಾ ಆಯಿತು.

ಬೀಗತಿಗೆ ಇದು ಯಾವುದೂ ಗೊತ್ತಿರಲಿಲ್ಲ. ಆಣೆ ಮಾಡಿದ್ದು ಸುಳ್ಳಾಗಬಾರದು ಅಂತ ಮಾರನೆಯ ದಿನವೇ ಅಕ್ಕ ಸೀರೆ, ಕುಬಸದ ಖಣ, ಕಾಯಿ ತೆಗೆದುಕೊಂಡು ಹುಕ್ಕೇರಿಗೆ ಹೋಗಿ, ಬೀಗತಿಯ ಉಡಿ ತುಂಬಿ, ಮೂರು ತಿಂಗಳಿಗೆ ನೀವು ಬರಲೇಬೇಕು ಅಂತ ಬೇಡಿಕೊಂಡಳು. ಇಷ್ಟು ವರ್ಷದಲ್ಲಿ ಇಂಥ ಮರ್ಯಾದೆ ಕಾಣದ ಬೀಗತಿ, ಇವಳಿಗೆ ಏನಾಗಿದೆ ಅಂತ ನನಗೆ ಗುಟ್ಟಾಗಿ ಫೋನು ಮಾಡಿ ವಿಚಾರಿಸಿದಳು.

೭. ಮಗನ ಮನೆ, ಮಗಳ ಮನೆ

ಅಕ್ಕ ಹೋದಳು. ಮಾವ ಹೋಗಲಿಲ್ಲ. ಎಮ್ಮೆ ಈದಿತ್ತು, ಅವರನ್ನು ಬಿಟ್ಟರೆ ಹಿಂಡುವವರು ಯಾರೂ ಇರಲಿಲ್ಲ. ವೀಸಾ ಇದ್ದವರು ಮೂಡಲಗಿಯಲ್ಲಿ ಸೆಗಣಿ ಬಳಿಯುತ್ತಾ ಉಳಿದರು. ಅಲ್ಲಿ ಹೆಣ್ಣು ಕೂಸು ಹುಟ್ಟಿತು. ಕುತ್ತಿಗೆ ಇರುವ ಕೂಸಿಗೆ ಅಕ್ಕ ತನ್ನ ಕೈಯಾರೆ ಎರೆದಳು, ವಿಡಿಯೋದಲ್ಲಿ ನಮಗೆಲ್ಲ ತೋರಿಸಿದಳು. ಅವತ್ತು ಅವಳ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು, ಅಂಗಡಿ ಬಾಗಿಲು ಅರ್ಧ ಹಾಕಿಕೊಂಡೆ.

ಎರಡೂವರೆ ತಿಂಗಳಾಯಿತು. ಮಗಳ ರಜೆ ಮುಗಿಯುತ್ತ ಬಂದಿತ್ತು, ಕೂಸನ್ನು ನೋಡಿಕೊಳ್ಳಲು ಒಬ್ಬರು ಬೇಕು. ಬೀಗತಿಯ ಅರ್ಜಿ ನಾನೇ ತುಂಬಿದೆ. ಅವಳಿಗೆ ಯಾವ ತರಬೇತಿಯೂ ಬೇಡವೆನಿಸಿತು. ಗಂಡುಮಗನ ತಾಯಿ, ಮಾತು ಬಲ್ಲವಳು, ಒಂದೇ ಸಲಕ್ಕೆ ಸಿಗುತ್ತದೆ ಅಂತ ಎಲ್ಲರೂ ಅಂದುಕೊಂಡೆವು.

ಮುಂಬೈಯಲ್ಲಿ ಅವಳಿಗೂ ಅದೇ ಪ್ರಶ್ನೆ ಬಂತು. ವಾಪಸ್ ಬರುತ್ತೀರಿ ಅನ್ನುವುದಕ್ಕೆ ಏನು ಪುರಾವೆ?

ಬೀಗತಿ ಈ ಪ್ರಶ್ನೆ ಕೇಳಿದವರ ತಿಳಿವಳಿಕೆಗೆ ಮರುಗಿ ನಕ್ಕಳಂತೆ. "ಮಗನ ಮನಿ ಅಂದ್ರ ನನ್ನ ಮನೀನ ಅಲ್ಲೇನ್ರಿ? ನನ್ನ ಮನಿಗೆ ನಾ ಹೋದ ಮ್ಯಾಲೆ ವಾಪಸ್ ಎದಕ ಬರ್ಲಿ?"

ನಿರಾಕರಣೆ. ಮನದಟ್ಟಾಗಿಲ್ಲ ಅಂತ ಈ ಸಲ ಬರೆದಿರಲಿಲ್ಲವಂತೆ. ಅವರಿಗೆ ಚೆನ್ನಾಗಿ ಮನದಟ್ಟಾಗಿತ್ತು.

ಅವತ್ತೇ ಅಕ್ಕನ ಫೋನು ಬಂತು. ಅವಳ ದನಿಯಲ್ಲಿ ಅಳು ಇತ್ತು. "ತಮ್ಮಾ, ಆಕಿ ಬರೂತನಕಾ ನಾ ಕೂಸಿನ್ನ ಬಿಟ್ಟ ಹೊಂಡಾಂಗಿಲ್ಲ. ಆಕಿನ್ನ ಅವರು ಬಿಡವಲ್ರು. ನನ್ನ ವೀಸಾ ಮುಗ್ಯಾಕ ಬಂತು. ಮಗಳ ಮನ್ಯಾಗ ಆರ ತಿಂಗಳ ಉಂಡಾಕಿ ಅಂತ ಹೆಸರ ಬರ್ತೈತಿ ನನಗ. ಏನಾರ ಮಾಡೋ."

ಮಾಡುವುದೇನು, ಮತ್ತೊಂದು ಅರ್ಜಿ. ವೀಸಾದ ಅವಧಿ ವಿಸ್ತರಿಸಲು ಕೋರುವ ನಮೂನೆ ತೆರೆದೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ ತುಂಬಿದೆ. ಕೊನೆಯಲ್ಲಿ ಒಂದು ದೊಡ್ಡ ಚೌಕ, ಅರ್ಜಿದಾರರು ನಿಗದಿತ ಅವಧಿಯಲ್ಲಿ ತಮ್ಮ ದೇಶಕ್ಕೆ ಯಾಕೆ ಮರಳುತ್ತಿಲ್ಲ, ಕಾರಣ ನೀಡಿರಿ.

ಬಹಳ ಹೊತ್ತು ಯೋಚಿಸಿದೆ. ನಾನು ತಯಾರಿ ಮಾಡಿಸಿದ ಮಾತಿನಿಂದ ಇಲ್ಲಿಯವರೆಗೆ ಏನೂ ಸಿಕ್ಕಿರಲಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದೆ:

"ಅರ್ಜಿದಾರರು ಮರಳಲು ಮೊದಲ ದಿನದಿಂದಲೂ ಸಿದ್ಧರಿದ್ದಾರೆ. ತಾವೇ ಬಿಡುತ್ತಿಲ್ಲ."